ದಾರಿ ತಪ್ಪಲು ಬಿಡುವ ಆಟಗಳು

‘ನಿಗೂಢ’, ‘ಅನ್ವೇಷಣೆ’ ಎಂಬ ಹಣೆಪಟ್ಟಿ ಹಚ್ಚಿಕೊಂಡ ವಿಡಿಯೊ ಗೇಮ್‌ಗಳಲ್ಲಿ ಬಹುಪಾಲು ಆಟಗಾರನನ್ನು ಕೈಹಿಡಿದೇ ನಡೆಸುತ್ತವೆ. ಹೋಗಬೇಕಾದ ಕಡೆಗೆ ಬಾಣ, ಮುಟ್ಟಬೇಕಾದ ವಸ್ತುವಿಗೆ ಮಿಣುಕು, ತಡವಾದರೆ ಸುಳಿವು, ಆ ಸುಳಿವಿಗೊಂದು ಜಾಹೀರಾತು. ಪಿರಿಯಾಪಟ್ಟಣದಲ್ಲೋ ಕೆ.ಆರ್. ನಗರದಲ್ಲೋ ಕೂತು ಮೊಬೈಲ್‌ನಲ್ಲಿ ಹುಡುಕಿದವರಿಗೆ ಮೊದಲು ಸಿಗುವುದೂ ಇಂಥವೇ. ಹಾಗಾಗಿ ಇಂಥ ಆಟಗಳಿಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ದಾರಿ ತಪ್ಪಲು ಬಿಡುತ್ತದೆಯೇ?

2016ರ ‘ಫೈರ್‌ವಾಚ್’ ಅರ್ಧ ಪಾಸಾಗುತ್ತದೆ. 1989ರ ಬೇಸಿಗೆ, ಅಮೆರಿಕದ ವಯೋಮಿಂಗ್ ಕಾಡು; ಬೆಂಕಿ ಕಾಯುವ ಗೋಪುರದಲ್ಲಿ ಒಬ್ಬನೇ ಹೆನ್ರಿ, ವಾಕಿಟಾಕಿಯಲ್ಲಿ ಡಿಲೈಲಾಳ ದನಿ. ನಾಗರಹೊಳೆಯ ಮಗ್ಗುಲಲ್ಲೇ ಇರುವ ಹುಣಸೂರು, ಎಚ್.ಡಿ. ಕೋಟೆಯವರಿಗೆ ಬೆಂಕಿರೇಖೆಯಾಗಲಿ ಫೈರ್ ವಾಚರ್ ಆಗಲಿ ಹೊಸದೇನಲ್ಲ. ಕೈಯಲ್ಲಿ ಕಾಗದದ ನಕ್ಷೆ, ದಿಕ್ಸೂಚಿ. ನೀವಿರುವ ಜಾಗ ತೋರಿಸುವ ಚುಕ್ಕೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಬಿಡಿ. ಆಮೇಲೆ ಬಂಡೆಯ ಆಕಾರ, ತೊರೆಯ ತಿರುವು ಗುರುತಿಟ್ಟುಕೊಂಡೇ ನಡೆಯಬೇಕು; ಆಟ ಕಳೆಗಟ್ಟುವುದು ಆಗಲೇ. ಆದರೆ ಕಾಡು ಖಾಲಿ. ಬೆಚ್ಚಿಬೀಳಿಸಲು ಒಂದು ರಕೂನ್, ಸಾಕಿಕೊಳ್ಳಲು ಒಂದು ಆಮೆ, ಇಂಥ ಒಂದೆರಡು ಬಿಟ್ಟರೆ ಪ್ರಾಣಿಗಳ ಸುಳಿವೇ ಕಡಿಮೆ. ದಮ್ಮನಕಟ್ಟೆಯಲ್ಲಿ ಒಂದು ಸಫಾರಿ ಮುಗಿಸಿ ಬಂದವರಿಗೂ ಇದು ಸೆಟ್ ಹಾಕಿದ ಕಾಡು ಅನ್ನಿಸದೆ ಇರದು.

ಪೂರ್ತಿ ಅಂಕ ಗಿಟ್ಟಿಸುವುದು ಲೂಕಸ್ ಪೋಪ್ ಅವರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (2018). 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ದಡಕ್ಕೆ ಮರಳಿದೆ, ಒಳಗೆ ನರಪಿಳ್ಳೆಯಿಲ್ಲ. ನೀವು ಕಂಪನಿಯ ವಿಮಾ ತನಿಖೆಗೆ ಬಂದವರು. 60 ಜನರಲ್ಲಿ ಪ್ರತಿಯೊಬ್ಬರೂ ಯಾರು, ಏನಾದರು ಎಂದು ಬರೆಯಬೇಕು. ಕೈಯಲ್ಲೊಂದು ಗಡಿಯಾರ, ಹೆಣದ ಹತ್ತಿರ ಅದನ್ನು ತೆರೆದರೆ ಸಾವಿನ ಆ ಒಂದು ಕ್ಷಣ ಕಪ್ಪು ಬಿಳುಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದರೊಳಗೆ ಓಡಾಡಬೇಕು. ಸುಳಿವು ಸಿಗುವುದು ಮಾತಿನ ಧಾಟಿಯಲ್ಲಿ, ಉಡುಪಿನಲ್ಲಿ, ಮಲಗುವ ಜೋಲಿಗೆ ಕಟ್ಟಿದ ಸಂಖ್ಯೆಯಲ್ಲಿ. ಆ ಸಂಖ್ಯೆಯನ್ನು ಸಿಬ್ಬಂದಿ ಪಟ್ಟಿಯೊಡನೆ ತಾಳೆ ಹಾಕಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಮೂವರ ಗತಿ ಸರಿಯಾದಾಗ ಮಾತ್ರ ಆಟ ಒಪ್ಪಿಗೆ ಕೊಡುವುದರಿಂದ ಕುರುಡು ಊಹೆಗೆ ಲಾಭ ಕಡಿಮೆ. ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮ ತಲೆ ಓಡಿಸುತ್ತಿದ್ದ, ನಾವು ಪುಟ ತಿರುಗಿಸುತ್ತಿದ್ದೆವು. ಇಲ್ಲಿ ಪುರುಷೋತ್ತಮನ ಕೆಲಸವೂ ನಮ್ಮದೇ. ಅಂದಹಾಗೆ, ಹಡಗಿನ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ.

‘ಔಟರ್ ವೈಲ್ಡ್ಸ್’ (2019) ಇದೇ ಜಾತಿಯದು. ಪ್ರತಿ 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿನಿಂದ ಶುರು. ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ.

ಇವ್ಯಾವುದರಲ್ಲೂ ಕನ್ನಡ ಇಲ್ಲ. ಓಬ್ರಾ ಡಿನ್‌ನಲ್ಲಿ ಭಾಷೆಯೇ ಸುಳಿವಾಗಿರುವುದರಿಂದ ಇಂಗ್ಲಿಷ್ ತಡವರಿಸಿದರೆ ತನಿಖೆಯೂ ತಡವರಿಸುತ್ತದೆ. ಈ ಕಾರಣಕ್ಕೇ ಜೆಕ್ ದೇಶದ ‘ಮಷಿನೇರಿಯಂ’ (2009) ನನಗೆ ಮುಖ್ಯ. ಕಥೆಗೆ ಮಾತೇ ಇಲ್ಲ. ತಗಡಿನ ಪುಟ್ಟ ರೋಬೋನ ತಲೆಯ ಮೇಲೆ ಚಿತ್ರಗಳ ಗುಳ್ಳೆ ಏಳುತ್ತದೆ, ಅಷ್ಟೆ. ಉತ್ತರದ ಪುಸ್ತಕವೂ ಒಳಗೇ ಇದೆ, ಆದರೆ ಅದನ್ನು ತೆರೆಯಬೇಕಾದರೆ ಬೇಸರ ಬರಿಸುವ ಒಂದು ಪುಟ್ಟ ಶೂಟಿಂಗ್ ಆಟ ಗೆಲ್ಲಬೇಕು. ಆ ಕಾಟಕ್ಕಿಂತ ಯೋಚಿಸುವುದೇ ವಾಸಿ ಅನ್ನಿಸುವಂತೆ ಮಾಡಿದ್ದಾರೆ, ಜಾಣರು! ಮೊಬೈಲ್‌ನಲ್ಲೂ ಓಡುತ್ತದೆ.

ನಮ್ಮವರದೇ ಆಟ ಬೇಕೆಂದರೆ ಪುಣೆಯಲ್ಲಿ ತಯಾರಾದ ‘ರಾಜಿ’ (2020) ಇದೆ. ಕೋಟೆ ಕೊತ್ತಲ ಕಣ್ಣಿಗೆ ಹಬ್ಬ, ಆದರೆ ಹಾದಿ ಇಕ್ಕಟ್ಟು, ಹೊಡೆದಾಟ ಜಾಸ್ತಿ. ನನ್ನ ಪರೀಕ್ಷೆಯಲ್ಲಿ ಫೇಲು. ಹಾಗಂತ ಇಂಥ ಆಟಕ್ಕೆ ಬೇಕಾದ ಸರಕಿಗೆ ನಮ್ಮಲ್ಲಿ ಬರವಿಲ್ಲ. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರವೆಂದರೆ ಕಬಿನಿ ದಂಡೆಯ ಕಿತ್ತೂರು. ಹುಣಸೂರು, ಎಚ್.ಡಿ. ಕೋಟೆ, ಎಡತೊರೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1898ರಲ್ಲೇ ಅಚ್ಚು ಹಾಕಿಸಿದ್ದಾರೆ. ಕಲ್ಪಿತ ಲಿಪಿಯನ್ನು ಬಿಡಿಸುತ್ತ ಹೋಗುವ ‘ಹೆವನ್ಸ್ ವಾಲ್ಟ್’ (2019) ಅಷ್ಟು ಚೆನ್ನಾಗಿ ಆಡಿಸುವಾಗ, ಹಳಗನ್ನಡದ ಒಂದು ವೀರಗಲ್ಲು ಆಡಿಸಲಾರದೇ? ಬೆಂಗಳೂರು, ಮೈಸೂರಿನ ಗೇಮ್ ತಯಾರಕರು ಒಮ್ಮೆ ಈ ಕಡೆ ಬಂದು ನೋಡಲಿ.

ಅಲ್ಲಿಯವರೆಗೆ, ಫೋನ್ ಮಾತ್ರ ಇರುವವರು ಮಷಿನೇರಿಯಂನಿಂದ ಶುರು ಮಾಡಿ. ಲ್ಯಾಪ್‌ಟಾಪ್ ಇದ್ದು, ಇಂಗ್ಲಿಷ್ ತೊಡಕಾಗದಿದ್ದರೆ ಓಬ್ರಾ ಡಿನ್. ಸಿಕ್ಕಿಹಾಕಿಕೊಂಡಾಗ ಪಕ್ಕದವರನ್ನು ಕೂರಿಸಿಕೊಂಡು ಯೋಚಿಸಿ, ಯೂಟ್ಯೂಬ್ ಮಾತ್ರ ತೆರೆಯಬೇಡಿ.