ಕುಳಿಯಿಂದ ಹಿಂದಕ್ಕೆ

ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್ ಅಂಕಪಟ್ಟಿಯನ್ನು ಇವತ್ತು ತೆಗೆದು ನೋಡಿದರೂ ಅದರಲ್ಲಿ ಕಲಿಯುವುದು ಬಹಳ ಇದೆ. 2021ರ ಆಗಸ್ಟ್‌ನಲ್ಲಿ ಕಸುಮಿಗಸೆಕಿ ಕೋರ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತುಗಳನ್ನು 67, 66, 68, 68 ಹೊಡೆತಗಳಲ್ಲಿ ಮುಗಿಸಿದರು. ಒಟ್ಟು 269, ಅಂದರೆ ಪಾರ್‌ಗಿಂತ 15 ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ಅವರದು 267. ಪ್ಲೇಆಫ್ ಆಡಿ ಬೆಳ್ಳಿ, ಕಂಚು ಪಡೆದ ಮೋನೆ ಇನಾಮಿ ಮತ್ತು ಲಿಡಿಯಾ ಕೊ ಅವರದು 268. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತೆಂದು ನಾವೆಲ್ಲ ಮರುಗಿದೆವು. ಆದರೆ ಆ ಹುಡುಗಿ ಅಲ್ಲಿಯವರೆಗೆ ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಆಗ ಅವರ ವಿಶ್ವ ಶ್ರೇಯಾಂಕ 200. ಕೆಲವೇ ವಾರಗಳ ಹಿಂದೆ ಕೋವಿಡ್‌ನಿಂದ ಚೇತರಿಸಿಕೊಂಡಿದ್ದರು, ಮೈಯಲ್ಲಿ ಕಸುವಿರಲಿಲ್ಲ. ಕಣದಲ್ಲಿದ್ದ 60 ಮಂದಿಯಲ್ಲಿ ಟೀ ಹೊಡೆತದ ದೂರದಲ್ಲಿ ಅವರು ತೀರಾ ಕೆಳಗಿನವರ ಸಾಲಿನಲ್ಲಿದ್ದರು. ಪಟಿಂಗ್‌ನಲ್ಲಿ ಮಾತ್ರ ತೀರಾ ಮೇಲಿನವರ ಸಾಲಿನಲ್ಲಿ. ಇದನ್ನು ಅದೃಷ್ಟವೆಂದು ಕರೆದರೆ ಆಟಕ್ಕೂ ಆಟಗಾರ್ತಿಗೂ ಅನ್ಯಾಯ. ಗಾಲ್ಫ್ ಕಲಿಯುವವರು ಕುಳಿಯ ಅಂಚಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು, ಟೀ ಮೇಲೆ ನಿಂತು ಮುಂದಕ್ಕೆ ಬರಬಾರದು ಎಂಬುದು ನನ್ನ ವಾದ. ವೃತ್ತಿಪರ ಟೂರ್ನಿಗೆ ಇಳಿಯುವ ಕನಸಿರುವವರಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ನಮ್ಮ ಹಾಸನ ಜಿಲ್ಲೆಯ ಬಾಗೂರು, ಅರಕಲಗೂಡು, ಹೊಳೆನರಸೀಪುರದಂಥ ಊರುಗಳಿಂದ ಒಬ್ಬ ಗಾಲ್ಫ್ ಆಟಗಾರ ಹುಟ್ಟಬೇಕಾದರೆ ಬೇರೆ ದಾರಿಯೇ ನನಗೆ ಕಾಣುವುದಿಲ್ಲ.

ಲೆಕ್ಕ ಸರಳವಾಗಿದೆ. ಪುರುಷರ ಅತ್ಯುನ್ನತ ಟೂರ್‌ನಲ್ಲಿ ಆಡುವವರು ಕೂಡ 18 ಹೋಲ್‌ಗಳಲ್ಲಿ ಸರಾಸರಿ 12ರಲ್ಲಷ್ಟೇ ನಿಗದಿತ ಹೊಡೆತಗಳೊಳಗೆ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಮುಟ್ಟುತ್ತಾರೆ. ಉಳಿದ ಆರರಲ್ಲಿ ಚೆಂಡು ಬಂಕರಿನಲ್ಲೋ ಎತ್ತರದ ಹುಲ್ಲಿನಲ್ಲೋ ಗ್ರೀನಿನ ಅಂಚಿನ ಇಳಿಜಾರಿನಲ್ಲೋ ಇರುತ್ತದೆ. ನಾಲ್ಕು ದಿನಗಳ ಟೂರ್ನಿಯಲ್ಲಿ ಇಂಥ ಸಂದರ್ಭ ಎರಡು ಡಜನ್. ಅಲ್ಲಿಂದ ಎತ್ತಿದ ಚೆಂಡು ಕುಳಿಯಿಂದ ಮೂರು ಅಡಿಗೆ ಬಂದು ನಿಂತರೆ ವೃತ್ತಿಪರರು ನೂರಕ್ಕೆ 95ಕ್ಕೂ ಹೆಚ್ಚು ಬಾರಿ ಅದನ್ನು ಒಳಗೆ ಹಾಕುತ್ತಾರೆ. ಎಂಟು ಅಡಿಯಲ್ಲಿ ನಿಂತರೆ ಸರಿಸುಮಾರು ಅರ್ಧದಷ್ಟು ಬಾರಿ ಮಾತ್ರ. ನಡುವಿನ ಅಂತರ ಐದು ಅಡಿ, ಬೆಲೆ ಅರ್ಧ ಹೊಡೆತ. ಟೀ ಮೇಲಿಂದ ಅರ್ಧ ಹೊಡೆತ ಸಂಪಾದಿಸಬೇಕಾದರೆ ಎಷ್ಟು ಗಜ ಹೆಚ್ಚು ಹೊಡೆಯಬೇಕೆಂದು ಯೋಚಿಸಿದರೆ ಈ ಐದು ಅಡಿಯ ತೂಕ ತಿಳಿಯುತ್ತದೆ. ಎರಡು ಸುತ್ತು ಮುಗಿದ ಮೇಲೆ ಬೀಳುವ ಕಟ್ ಎಷ್ಟೋ ಸಲ ಒಂದೇ ಹೊಡೆತದಲ್ಲಿ ತೀರ್ಮಾನವಾಗುತ್ತದೆ. ಕಟ್ ದಾಟದವನಿಗೆ ಬಹುಮಾನದ ಹಣವಿಲ್ಲ, ಊಟ, ವಸತಿ, ಪ್ರಯಾಣದ ಖರ್ಚು ಕೈಯಿಂದಲೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ದಾಖಲಾದ ಲಕ್ಷಾಂತರ ಹೊಡೆತಗಳನ್ನು ಅಳೆದು, ಉತ್ತಮ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ನೂರು ಗಜದ ಆಚೆಯ ಹೊಡೆತಗಳಿಂದಲೇ ಬರುತ್ತದೆಂದು ತೋರಿಸಿದರು. 2014ರ ಅವರ ಪುಸ್ತಕ ಈ ಲೆಕ್ಕವನ್ನು ಎಲ್ಲರ ಮುಂದಿಟ್ಟಿತು. ಪಟರ್‌ನಿಂದಲೇ ಹಣ ಎಂಬ ಹಳೆಯ ಮಾತನ್ನು ಅದು ಅಲುಗಾಡಿಸಿತು. ಆ ಲೆಕ್ಕ ಸರಿಯೆಂದು ನಾನೂ ಒಪ್ಪುತ್ತೇನೆ. ಆದರೆ ಅದು ಯಾರ ನಡುವಿನ ಅಂತರ ಎಂದು ನೋಡಬೇಕು. ಪಿಜಿಎ ಟೂರ್ ತಲುಪಿದ ಪ್ರತಿಯೊಬ್ಬನ ಶಾರ್ಟ್ ಗೇಮ್, ಅಂದರೆ ಗ್ರೀನಿನ ಆಸುಪಾಸಿನ ಚಿಕ್ಕ ಹೊಡೆತಗಳ ಆಟ, ಅದಾಗಲೇ ಬಹಳ ಒಳ್ಳೆಯದು. ಎಲ್ಲರಲ್ಲೂ ಇರುವ ಗುಣ ಅಂತರವನ್ನು ಹುಟ್ಟಿಸುವುದಿಲ್ಲ, ಹಾಗೆಂದು ಅದು ಬೇಡವಾಗುವುದೂ ಇಲ್ಲ. ಇನ್ನೂ ಒಂದು ವಿಷಯ: ದೂರ ಹೊಡೆಯುವ ಶಕ್ತಿ ಎತ್ತರ, ಭುಜಬಲ, ಎಳವೆಯ ಪೋಷಣೆ, ದುಬಾರಿ ಡ್ರೈವರ್, ಹೊಡೆತವನ್ನು ಅಳೆಯುವ ಯಂತ್ರ ಇವೆಲ್ಲವನ್ನೂ ನೆಚ್ಚಿಕೊಂಡಿದೆ. ಇಪ್ಪತ್ತು ಗಜದ ಚಿಪ್, ಅಂದರೆ ಚೆಂಡನ್ನು ತುಸು ಎತ್ತಿ ಗ್ರೀನಿನ ಮೇಲೆ ಉರುಳಿಸುವ ಹೊಡೆತ, ಇವುಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಅಂತರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬ್ರಾಡಿ ಉತ್ತರಿಸಿದ್ದಾರೆ. ಅಂತರವನ್ನು ಅತಿ ಕಡಿಮೆ ಖರ್ಚಿನಲ್ಲಿ ಎಲ್ಲಿ ತುಂಬಿಕೊಳ್ಳಬಹುದು ಎಂಬುದು ಬೇರೆಯದೇ ಪ್ರಶ್ನೆ. ಶಾರ್ಟ್ ಗೇಮ್ ಒಂದರಿಂದಲೇ ಎಲ್ಲ ಗೆಲ್ಲಬಹುದೆಂದೂ ನಾನು ಹೇಳುತ್ತಿಲ್ಲ. ಟೋಕಿಯೊದಲ್ಲಿ ಕೊನೆಗೆ ಗೆದ್ದದ್ದು ದೂರ ಹೊಡೆಯುವ ಕೊರ್ಡಾ. ಅದಿತಿಯೂ ಆಮೇಲೆ ಹೊಡೆತದ ದೂರ ಹೆಚ್ಚಿಸಿಕೊಂಡರು, 2023ರಲ್ಲಿ ಕೆನ್ಯಾದಲ್ಲೂ ಸ್ಪೇನಿನಲ್ಲೂ ಪ್ರಶಸ್ತಿ ಗೆದ್ದರು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದರು. ಆದರೆ ಆ ಕ್ರಮವನ್ನು ಗಮನಿಸಿ: ಚಿಕ್ಕ ಹೊಡೆತ ಮೊದಲು ಕೈಗೆ ಹತ್ತಿತು, ಉದ್ದ ಆಮೇಲೆ ಕೂಡಿತು. ತಿರುಗಾಮುರುಗಾ ಮಾಡಿ ಸೊರಗಿದವರೇ ನಮ್ಮಲ್ಲಿ ಹೆಚ್ಚು.

ಹತ್ತಿರದಿಂದ ನೋಡಿದಷ್ಟೂ ಈ ಆಟದ ರುಚಿ ಹೆಚ್ಚುತ್ತದೆ. ಬೆಂಗಳೂರು, ಮೈಸೂರಿನಂಥ ಬೆಚ್ಚನೆಯ ಸೀಮೆಯ ಗ್ರೀನ್‌ಗಳಿಗೆ ಹೊಂದುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ ಮತ್ತು ಅದರ ಮಿಶ್ರತಳಿಗಳು. ಗರಿಕೆ ನೆಟ್ಟಗೆ ಬೆಳೆಯುವುದಿಲ್ಲ, ಒಂದು ದಿಕ್ಕಿಗೆ ಒರಗಿ ಹಬ್ಬುತ್ತದೆ. ಅದು ಒರಗಿದ ಕಡೆಗೇ ಚೆಂಡು ಉರುಳಿದರೆ ವೇಗ, ಎದುರಾಗಿ ಉರುಳಿದರೆ ತಡೆ. ಅಡ್ಡಕ್ಕೆ ಹೋದರೆ ಇಳಿಜಾರೇ ಇಲ್ಲದ ಕಡೆಯೂ ಚೆಂಡು ತುಸು ಬಾಗುತ್ತದೆ. ಚೆಂಡಿನ ಹಿಂದೆ ಕೂತು ನೋಡಿದಾಗ ಹುಲ್ಲು ಹೊಳೆದರೆ ಅದು ನಮ್ಮಿಂದ ಆಚೆಗೆ ಒರಗಿದೆ, ಕಪ್ಪಾಗಿ ಕಂಡರೆ ನಮ್ಮ ಕಡೆಗೆ. ಕುಳಿಯ ಅಂಚನ್ನು ಸಂಜೆಯ ಹೊತ್ತಿಗೆ ನೋಡಿದರೆ ಒಂದು ಬದಿ ಚೂಪಾಗಿ ಕತ್ತರಿಸಿದಂತಿದ್ದು ಇನ್ನೊಂದು ಬದಿ ಸವೆದು ಎಳೆಎಳೆಯಾಗಿರುತ್ತದೆ. ಎಳೆ ಬಿಟ್ಟ ಬದಿಗೇ ಹುಲ್ಲು ಒರಗಿರುವುದು. ಕುಳಿಯ ಅಗಲ ನಾಲ್ಕೂಕಾಲು ಇಂಚು, ಚೆಂಡಿನ ಅಗಲ ಹೆಚ್ಚುಕಮ್ಮಿ 1.68 ಇಂಚು. ಅಲ್ಲಿರುವ ಜಾಗ ಅಷ್ಟೇ. ಮೆಲ್ಲನೆ ಬರುವ ಚೆಂಡಿಗೆ ಅದೆಲ್ಲ ಬಾಯಿ ತೆರೆದಿರುತ್ತದೆ, ರಭಸದಿಂದ ಬರುವ ಚೆಂಡಿಗೆ ನಡುವಿನ ಸ್ವಲ್ಪ ಭಾಗ ಮಾತ್ರ. ಹೀಗಾಗಿ ಚಿಪ್ ಮಾಡುವಾಗ ಕುಳಿಯನ್ನೇ ದಿಟ್ಟಿಸುವುದು ತಪ್ಪು. ಚೆಂಡು ಮೊದಲು ಎಲ್ಲಿ ಬೀಳಬೇಕೆಂದು ಗ್ರೀನಿನ ಮೇಲೆ ಟವೆಲ್ಲಿನಷ್ಟು ಜಾಗ ಆರಿಸಿಕೊಂಡು, ಅಲ್ಲಿಂದ ಕುಳಿಯವರೆಗಿನ ಉರುಳುವಿಕೆಯನ್ನು ನೆಲಕ್ಕೆ ಬಿಡಬೇಕು. ಗೋಲಿ ಆಡಿ ಬೆಳೆದವರಿಗೆ ಇದು ಹೊಸದಲ್ಲ: ಗೋಲಿಯನ್ನು ಎಷ್ಟು ಎತ್ತರಕ್ಕೆ ಎಸೆದರೆ ಎಲ್ಲಿ ಬಿದ್ದು ಎಷ್ಟು ದೂರ ಉರುಳುತ್ತದೆಂಬ ಅಂದಾಜು ಅವರ ಬೆರಳಲ್ಲೇ ಇರುತ್ತದೆ.

ಇನ್ನು ಅಭ್ಯಾಸದ ಮಾತು. ನಮ್ಮ ರೇಂಜುಗಳಲ್ಲಿ ಕಾಣುವ ದೃಶ್ಯ ಬುಟ್ಟಿ ತುಂಬ ಚೆಂಡು, ಒಂದೇ ಜಾಗ, ಚೆಂಡನ್ನು ಎತ್ತುವ ಒಂದೇ ವೆಜ್, ಒಂದೇ ಗುರಿ. ಹತ್ತನೆಯ ಚೆಂಡಿನ ಹೊತ್ತಿಗೆ ಎಲ್ಲವೂ ಕುಳಿಯ ಪಕ್ಕ ಬೀಳತೊಡಗುತ್ತವೆ, ಆಟಗಾರ ತೃಪ್ತಿಯಿಂದ ಮನೆಗೆ ಹೋಗುತ್ತಾನೆ. ಟೂರ್ನಿಯಲ್ಲಿ ಹತ್ತನೆಯ ಚೆಂಡು ಎಂಬುದೇ ಇಲ್ಲ. ಪ್ರತಿ ಹೊಡೆತವೂ ಮೊದಲನೆಯದು, ಪ್ರತಿ ಸಲ ನೆಲ ಬೇರೆ, ಹುಲ್ಲು ಬೇರೆ, ಎದೆಬಡಿತ ಬೇರೆ. 1979ರಲ್ಲಿ ಷೀ ಮತ್ತು ಮೋರ್ಗನ್ ಎಂಬ ಸಂಶೋಧಕರು ಕೈಚಳಕದ ಕೆಲಸಗಳ ಮೇಲೆ ನಡೆಸಿದ ಪ್ರಯೋಗ ಈ ವಿಷಯದಲ್ಲಿ ಬಹಳ ಮುಖ್ಯವಾದದ್ದು. ಒಂದೇ ಕೆಲಸವನ್ನು ಸತತವಾಗಿ ಮಾಡಿದವರು ಅಭ್ಯಾಸದ ವೇಳೆ ಮುಂದಿದ್ದರು. ಕೆಲಸಗಳನ್ನು ಕಲಸಿ ಮಾಡಿದವರು ಆಗ ಎಡವಿದರು, ಆದರೆ ದಿನಗಳ ಬಳಿಕ ಪರೀಕ್ಷಿಸಿದಾಗ ಅವರೇ ಚೆನ್ನಾಗಿ ಉಳಿಸಿಕೊಂಡಿದ್ದರು. ಕೈಗೆ ಮೊದಲು ಒಂದು ಅಚ್ಚು ಬೀಳಬೇಕಲ್ಲ, ಅದಕ್ಕೆ ಪುನರಾವರ್ತನೆ ಬೇಡವೇ ಎಂದು ತರಬೇತುದಾರರು ಕೇಳುತ್ತಾರೆ. ಬೇಕು. ತೂಕ ಮುಂಗಾಲಿನ ಮೇಲೆ, ಮಣಿಕಟ್ಟು ಸಡಿಲ ಬಿಡದೆ, ಚೆಂಡು ಮೊದಲು ಆಮೇಲೆ ನೆಲ ಎಂಬಷ್ಟು ಅಭ್ಯಾಸವಾಗುವ ತನಕ ಬುಟ್ಟಿಯ ಚೆಂಡುಗಳೇ ಸರಿ. ಅಲ್ಲಿಂದಾಚೆಗೆ ಒಂದೇ ಚೆಂಡು ಇಟ್ಟುಕೊಂಡು ಅದನ್ನು ಹಿಂದಕ್ಕೆಸೆದು, ಬಿದ್ದ ಕಡೆಯಿಂದ ಚಿಪ್ ಮಾಡಿ, ಪಟರ್ ತೆಗೆದುಕೊಂಡು ಒಳಗೆ ಹಾಕುವ ತನಕ ಬಿಡದೆ, ಎರಡರಲ್ಲಿ ಮುಗಿಯಿತೋ ಮೂರರಲ್ಲೋ ಎಂದು ಬರೆದಿಟ್ಟುಕೊಳ್ಳುವುದೇ ಟೂರ್ನಿಗೆ ತಕ್ಕ ಅಭ್ಯಾಸ. ಬೇಸರದ ಕೆಲಸ, ಒಪ್ಪುತ್ತೇನೆ. ಚಂದದ ಹೊಡೆತಗಳ ಸುಖ ಇದರಲ್ಲಿ ಕಡಿಮೆ.

ಶ್ರೀಮಂತರ ಆಟವನ್ನು ಚನ್ನರಾಯಪಟ್ಟಣ ತಾಲ್ಲೂಕಿಗೆ ಏಕೆ ತರುತ್ತೀರಿ ಎಂಬ ಆಕ್ಷೇಪ ಕೊನೆಯದು, ನ್ಯಾಯವಾದದ್ದೂ ಹೌದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಇಷ್ಟು ವರ್ಷಗಳಲ್ಲಿ ಆಟ ಜಿಲ್ಲೆಗಳಿಗೆ ಇಳಿದದ್ದು ಅತ್ಯಲ್ಪ. ಹದಿನೆಂಟು ಹೋಲ್‌ಗಳ ಕೋರ್ಸ್ ನೂರು ಎಕರೆಗೂ ಹೆಚ್ಚು ನೆಲ ಬೇಡುತ್ತದೆ, ದಿನವೂ ಅಪಾರ ನೀರು ಕುಡಿಯುತ್ತದೆ. ಹೇಮಾವತಿ ನೀರು ಬಾಗೂರು-ನವಿಲೆ ಸುರಂಗದಲ್ಲಿ ಹಾದು ತುಮಕೂರಿನ ಕಡೆಗೆ ಹರಿಯುವ ಸೀಮೆ ಇದು. ನೀರಿನ ಲೆಕ್ಕವನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ಕೋರ್ಸ್ ಇಲ್ಲಿಗೆ ಬೇಡವೆಂದೇ ನನ್ನ ನಿಲುವು. ಆದರೆ ಹಣವಿಲ್ಲದವರು ಈ ಆಟದಲ್ಲಿ ಮೇಲೆ ಬಂದ ದಾರಿ ನಮ್ಮ ಕಣ್ಣೆದುರಿಗಿದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟಗಾರರ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಪ್ಲೇಆಫ್‌ನಲ್ಲಿ. ಬಿಡದಿ ಬಳಿಯ ಈಗಲ್‌ಟನ್‌ನಲ್ಲಿ ಹುಡುಗನಾಗಿ ಕ್ಯಾಡಿ ಕೆಲಸಕ್ಕೆ ಸೇರಿದ ಎಸ್. ಚಿಕ್ಕರಂಗಪ್ಪ ದೇಶೀಯ ವೃತ್ತಿಪರ ಟೂರ್‌ನ ಹಲವು ಪ್ರಶಸ್ತಿಗಳ ಒಡೆಯರಾದರು. ಕ್ಯಾಡಿಗಳಿಗೆ ದಕ್ಕುವುದು ಸಾಮಾನ್ಯವಾಗಿ ಎರವಲು ಕ್ಲಬ್ಬು, ಗ್ರೀನಿನ ಆಸುಪಾಸಿನ ತುಂಡು ನೆಲ, ಬೇರೆಯವರ ಸಾವಿರಾರು ಪಟ್‌ಗಳನ್ನು ನೋಡಿದ ಕಣ್ಣು. ದೂರದ ಹೊಡೆತಕ್ಕೆ ಬೇಕಾದ ಬಯಲು ಅವರಿಗೆ ಸುಲಭಕ್ಕೆ ಸಿಗುವುದಿಲ್ಲ. ಬಡತನದ ಗಾಲ್ಫ್ ಬಹುಮಟ್ಟಿಗೆ ಶಾರ್ಟ್ ಗೇಮೇ ಆಗಿರುತ್ತದೆ.

ಹಾಗಾದರೆ ಹಾಸನ ಜಿಲ್ಲೆಗೆ ಬೇಕಾದದ್ದು 20 ಗುಂಟೆ. ಒಂದು ಕಾಲೇಜಿನ ಮೈದಾನದ ಮೂಲೆ ಸಾಕು. ಗರಿಕೆ ಈ ಕೆಂಪು ಮಣ್ಣಿನಲ್ಲಿ ತಾನಾಗಿ ಬರುತ್ತದೆ, ಬರ ತಡೆಯುತ್ತದೆ. ಅದನ್ನು ಗ್ರೀನಿನ ನುಣುಪಿಗೆ ತರುವುದು ಮಾತ್ರ ಸುಲಭವಲ್ಲ, ದಿನವೂ ಕತ್ತರಿಸಬೇಕು, ಮರಳು ಹಾಕಬೇಕು, ಅದಕ್ಕೊಬ್ಬ ಬಲ್ಲ ಮಾಲಿ ಬೇಕು. ಒಂದು ಬಂಕರ್, ಎರಡು ಇಳಿಜಾರು, ಮೂರು ಕುಳಿ. ಮೈಸೂರಿನ ಗಾಲ್ಫ್ ಆಟಗಾರ್ತಿ ಪ್ರಣವಿ ಅರಸ್ ಏಷ್ಯನ್ ಗೇಮ್ಸ್ ತನಕ ಹೋದದ್ದನ್ನು ಹತ್ತಿರದ ಊರಿನ ಹುಡುಗಿಯರು ನೋಡಿದ್ದಾರೆ. ಆದರೆ ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇತ್ತು, ಇಲ್ಲಿ ಕ್ಲಬ್ ಮುಟ್ಟಿ ನೋಡುವ ಜಾಗವೂ ಇಲ್ಲ. ಈ 20 ಗುಂಟೆಯಲ್ಲಿ ಎರಡು ವರ್ಷ ಕಳೆದ ಮಕ್ಕಳಲ್ಲಿ ಯಾರ ಕೈ ಪಳಗಿದೆಯೆಂದು ಗೊತ್ತಾದ ಮೇಲೆ, ಅವರನ್ನಷ್ಟೇ ಬೆಂಗಳೂರಿಗೋ ಮೈಸೂರಿಗೋ ಕಳಿಸಿ ಉದ್ದನೆಯ ಹೊಡೆತ ಕಲಿಸಬಹುದು. ಖರ್ಚು ಆಗ ಶುರುವಾದರೆ ಸಾಕು. ಅಲ್ಲಿಯವರೆಗೆ ಬೇಕಾಗುವ ವೆಜ್, ಪಟರ್‌ಗಳು ಬೆಂಗಳೂರಿನ ಗಾಲ್ಫ್ ಕ್ಲಬ್‌ಗಳ ಸದಸ್ಯರ ಮನೆಗಳಲ್ಲಿ ಬೇಕಾದಷ್ಟಿವೆ. ಹೊಸದು ಕೊಂಡ ಮೇಲೆ ಹಳೆಯದನ್ನು ಕೇಳುವವರಿಲ್ಲ. ಗೀರು ಸವೆದ ವೆಜ್ ವೃತ್ತಿಪರನಿಗೆ ಕೆಲಸಕ್ಕೆ ಬಾರದಿರಬಹುದು, ಹನ್ನೊಂದು ವರ್ಷದ ಹುಡುಗಿಗೆ ಚೆಂಡು ಎಲ್ಲಿ ಬಿದ್ದು ಎಷ್ಟು ಉರುಳುತ್ತದೆಂದು ಕಲಿಯಲು ಅದು ಧಾರಾಳವಾಗಿ ಸಾಕು.