ಕಿವಿಗೆ ಕಂಡ ಮಡಕೆ

ವಸ್ತುವನ್ನು ಕಣ್ಣಿಗೆ ತೋರಿಸದೆ ಅದರ ಕಥೆ ಹೇಳಲಾದೀತೆ? 2010ರಲ್ಲಿ ಬಿಬಿಸಿ ರೇಡಿಯೊ ಬಿತ್ತರಿಸಿದ ‘ಎ ಹಿಸ್ಟರಿ ಆಫ್ ದಿ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್’ ಮಾಲೆಯಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿನ ಅಂದಿನ ನಿರ್ದೇಶಕ ನೀಲ್ ಮ್ಯಾಕ್‌ಗ್ರೆಗರ್ ಹೇಳಿದ್ದಾರೆ. ಪಾಡ್‌ಕಾಸ್ಟ್ ಆದ್ದರಿಂದ ಒಲೆಯ ಮುಂದೆ ನಿಂತೇ ಕೇಳಬಹುದು.

ಮೊದಲು ಜಪಾನಿನ ಜೋಮೊನ್ ಮಡಕೆಯ ಕಂತು ಕೇಳಿ. ಸುಮಾರು 7000 ವರ್ಷಗಳ ಹಿಂದಿನ ಅಡುಗೆ ಮಡಕೆ ಅದು. ಎಷ್ಟೋ ಕಾಲದ ಮೇಲೆ ಯಾರೋ ಒಳಮೈಗೆ ಚಿನ್ನದ ರೇಕು ಅಂಟಿಸಿ, ಚಹಾ ಸಮಾರಂಭದ ನೀರಿನ ಪಾತ್ರೆ ಮಾಡಿಕೊಂಡರು! ಹಸಿಯಾಗಿ ತಿನ್ನಲಾಗದ್ದನ್ನು ಬೇಯಿಸಿ ಉಣ್ಣಲು ಕಲಿತದ್ದೂ ಚರಿತ್ರೆಯೇ ಎಂದು ಇಲ್ಲಿ ಒಪ್ಪಿಕೊಂಡಿದ್ದಾರಲ್ಲ, ಅದು ನನಗೆ ಹಿಡಿಸಿತು.

ನೈಜೀರಿಯಾದ ಬೆನಿನ್ ಫಲಕದ ಕಂತು ಮಾತ್ರ ಇರುಸುಮುರುಸು ತಂದಿತು. 1897ರಲ್ಲಿ ಬ್ರಿಟಿಷ್ ಸೈನಿಕರು ದೋಚಿ ತಂದ ಸೊತ್ತು. ಅದನ್ನಿಟ್ಟುಕೊಂಡ ಮನೆಯ ಯಜಮಾನರೇ ಹೇಳುವಾಗ, ದನಿ ಎಷ್ಟು ಸೌಮ್ಯವಾಗಿದ್ದರೂ ಅರ್ಧ ಕಥೆ ಕೇಳಿದಂತೆಯೇ ಆಯಿತು.