ಮಾತಿನ ಪೆಟ್ಟಿಗೆ: ಕಡಿಮೆ ಖರ್ಚಿನಲ್ಲಿ ಸೆಂಟರ್ ಸ್ಪೀಕರ್ ಆರಿಸುವ ಬಗೆ

ಮನೆ ಸಿನಿಮಾದ ಸಲಕರಣೆಯಲ್ಲಿ ಟಿ.ವಿ.ಯ ಕೆಳಗೆ ನಟ್ಟನಡುವೆ ಕೂರುವ ಪೆಟ್ಟಿಗೆಯೇ ಸೆಂಟರ್ ಸ್ಪೀಕರ್. 5.1 ಎಂಬ ಲೆಕ್ಕದಲ್ಲಿ ಐದು ಸ್ಪೀಕರ್‌ಗಳೂ ಒಂದು ಸಬ್‌ವೂಫರ್ ಕೂಡ ಇರುತ್ತವೆ. ಎಡ-ಬಲದವು ಸಂಗೀತವನ್ನೂ ಹಿನ್ನೆಲೆಯನ್ನೂ ಹರಡುತ್ತವೆ, ಹಿಂದಿನವು ಮಳೆ, ಗಾಳಿ, ಜನಜಂಗುಳಿಯ ಸದ್ದು ತರುತ್ತವೆ, ಸಬ್‌ವೂಫರ್ ಗುಡುಗುತ್ತದೆ. ಪಾತ್ರಗಳ ಮಾತು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ನಡುವಿನ ಪೆಟ್ಟಿಗೆಯಿಂದಲೇ ಬರಬೇಕು. ಆದ್ದರಿಂದ ಈ ಪೆಟ್ಟಿಗೆಯ ಯೋಗ್ಯತೆಯನ್ನು ಅಳೆಯುವುದಕ್ಕೆ ಇರುವ ಕೋಲು ಒಂದೇ: ಆಡಿದ ಮಾತು ಅಕ್ಷರ ಬಿಡದೆ ಕಿವಿಗೆ ಮುಟ್ಟುತ್ತದೆಯೇ?

ನಡುವಿನ ಸ್ಪೀಕರ್ ಇಂದಿನ ಶೋಧವಲ್ಲ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಲುಪಿಸಿದಾಗ ವೇದಿಕೆಯ ಮೇಲೆ ಎಡ, ನಡು, ಬಲ ಎಂದು ಮೂರು ಸ್ಪೀಕರ್ ನೆಲೆಗಳನ್ನು ಇಟ್ಟಿದ್ದರು. 1940ರ ‘ಫ್ಯಾಂಟೇಸಿಯಾ’, 1953ರ ‘ದ ರೋಬ್’ ಚಿತ್ರಗಳು ಅದೇ ಮೂರನ್ನು ಪರದೆಯ ಹಿಂದಕ್ಕೆ ತಂದವು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದ ಮೇಲೆ 5.1 ಚಿತ್ರಮಂದಿರಗಳಲ್ಲಿ ಹರಡಿ, ಆಮೇಲೆ ಮನೆಗೆ ಇಳಿಯಿತು. ಕನ್ನಡದ ಮಾತಿನ ಚಿತ್ರ 1934ರ ‘ಸತಿ ಸುಲೋಚನಾ’ದಿಂದ ಶುರುವಾಗಿ ದಶಕಗಳ ಕಾಲ ಒಂದೇ ವಾಹಿನಿಯ ಧ್ವನಿಯಲ್ಲಿ, ಅಂದರೆ ಮಾನೋದಲ್ಲಿ ಸಾಗಿತು. ಹಳೆಯ ಚಿತ್ರಗಳ ಅಭಿಮಾನಿಗಳಿಗೆ ಈ ಸಂಗತಿ ಮುಖ್ಯ. ‘ಬೇಡರ ಕಣ್ಣಪ್ಪ’ವನ್ನೋ ‘ಬಂಗಾರದ ಮನುಷ್ಯ’ವನ್ನೋ ಮೂಲ ಮಾನೋ ಧ್ವನಿಯಲ್ಲಿ ಹಾಕಿ ಸ್ಪೀಕರ್‌ಗಳಿಗೆ ಧ್ವನಿ ಹಂಚುವ ರಿಸೀವರ್‌ನ ಡಾಲ್ಬಿ ಪ್ರೋಲಾಜಿಕ್‌ನಂಥ ಸೌಲಭ್ಯ ತೆರೆದರೆ, ಎಡಬಲಗಳಲ್ಲಿ ಒಂದೇ ಆಗಿರುವ ಧ್ವನಿಯೆಲ್ಲ ನಡುವಿಗೆ ಸೇರುತ್ತದೆ. ಮಾತು, ಹಾಡು, ವಾದ್ಯ ಎಲ್ಲವನ್ನೂ ಆಗ ಆ ಒಂದೇ ಪೆಟ್ಟಿಗೆ ಹೊರಬೇಕು. ಇಂಥ ಹಳೆಯ ರಾಜ್‌ಕುಮಾರ್ ಚಿತ್ರಗಳನ್ನೇ ಹೆಚ್ಚು ನೋಡುವ ಮನೆಗೆ ಒಳ್ಳೆಯ ಸೆಂಟರ್ ಸ್ಪೀಕರ್ ಹೊಸ ಚಿತ್ರ ನೋಡುವವರಿಗಿಂತಲೂ ಹೆಚ್ಚು ಬೇಕು.

ಮಾತು ತಿಳಿಯಲು ಏನು ಬೇಕು ಎಂಬುದನ್ನು ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಕೇಳಿಯೇ ಬಲ್ಲರು. ಕಂಬಕ್ಕೆ ಕಟ್ಟಿದ ಕಹಳೆಯಂಥ ಹಾರ್ನ್ ಮೈಕಿನಲ್ಲಿ ತಳದ ದನಿ ಎಂಬುದೇ ಇಲ್ಲ. ಆದರೂ ಕಳೆದುಹೋದ ಹುಡುಗನ ಹೆಸರು, ಅವನ ಊರು ಎರಡೂ ಅಷ್ಟು ದೂರಕ್ಕೆ ಸ್ಪಷ್ಟ. ಗಂಡಸಿನ ಕೊರಳಿನ ಮೂಲ ಸ್ವರ 100 ಹರ್ಟ್ಸ್ ಆಸುಪಾಸಿನಲ್ಲಿ, ಹೆಂಗಸಿನದು 200ರ ಆಸುಪಾಸಿನಲ್ಲಿ ಇದ್ದರೂ ಮಾತಿನ ಅರ್ಥವನ್ನು ಹೊರುವ ವ್ಯಂಜನಗಳ ಗುರುತು ಬಹುತೇಕ 1000ದಿಂದ 4000 ಹರ್ಟ್ಸ್ ನಡುವೆ ಇದೆ. ಹಾರ್ನ್ ನುಡಿಸುವುದು ಅದನ್ನೇ. ಸೆಂಟರ್ ಸ್ಪೀಕರ್ ಅದನ್ನೂ ನುಡಿಸಬೇಕು, ಕೊರಳಿನ ತುಂಬುತನವನ್ನೂ ಉಳಿಸಬೇಕು.

ಕನ್ನಡದ ಕಿವಿಗೆ ಈ ನಡುಪಟ್ಟಿ ಇನ್ನೂ ಸೂಕ್ಷ್ಮ. ಹುಲಿ ಮತ್ತು ಹುಳಿ, ಬಲೆ ಮತ್ತು ಬಳೆ, ಕಾಲು ಮತ್ತು ಕಾಳು, ಮನೆ ಮತ್ತು ಮಣೆ, ಕತ್ತೆ ಮತ್ತು ಕಟ್ಟೆ: ಈ ಜೋಡಿಗಳಲ್ಲಿ ನಾಲಿಗೆ ಹಿಂದಕ್ಕೆ ಮಡಚುವುದೊಂದೇ ವ್ಯತ್ಯಾಸ. ಆ ಮಡಚುವಿಕೆಯ ಗುರುತು ಹೆಚ್ಚಾಗಿ 2000ದಿಂದ 3000 ಹರ್ಟ್ಸ್ ಸುತ್ತ ಕಾಣುತ್ತದೆ. ಅಗ್ಗದ ಸ್ಪೀಕರ್‌ಗಳು ಎಡವುವ ಜಾಗವೂ ಅದೇ. ದೊಡ್ಡ ಕೋನ್ ತನ್ನ ಕೆಲಸ ನಿಲ್ಲಿಸಿ ಚಿಕ್ಕ ಟ್ವೀಟರ್‌ಗೆ ಒಪ್ಪಿಸುವ ಕ್ರಾಸ್‌ಓವರ್ ಬಹುಪಾಲು ಅಲ್ಲಿಯೇ ಇರುತ್ತದೆ. ಒಪ್ಪಿಸುವಿಕೆ ಸರಿಯಿಲ್ಲದಿದ್ದರೆ ಳಕಾರ ಲಕಾರದತ್ತ ಜಾರುತ್ತದೆ. ಕೊಪ್ಪಳ ಸೀಮೆಯ ‘ಮಾಡಾಕತ್ತೀನ್ರಿ’, ‘ಹೋಗಾಕ ಬೇಕ’ ಎಂಬಂಥ ಮಾತಿನಲ್ಲಿ ಪದದ ಕೊನೆ ಚುಟುಕಾಗಿ ತುಂಡಾಗುತ್ತದೆ. ಪೆಟ್ಟಿಗೆ ಗುಂಯ್‌ಗುಟ್ಟುವುದಾದರೆ ಆ ತುಂಡು ಕೊನೆ ಮುಂದಿನ ಪದದೊಳಗೆ ಮುಳುಗುತ್ತದೆ.

ಅಂಗಡಿಯಲ್ಲಿ ಸಿಗುವ ಸೆಂಟರ್ ಸ್ಪೀಕರ್‌ಗಳಲ್ಲಿ ಹೆಚ್ಚಿನವು ಉದ್ದಕ್ಕೆ ಮಲಗಿದ ಪೆಟ್ಟಿಗೆಗಳು: ನಡುವೆ ಟ್ವೀಟರ್, ಎರಡೂ ಬದಿಗೆ ಒಂದೊಂದು ದೊಡ್ಡ ಕೋನ್, ಅಂದರೆ ವೂಫರ್. ಟಿ.ವಿ.ಯ ಕೆಳಗೆ ಹೊಂದುವುದಕ್ಕಾಗಿ ಬಂದ ಆಕಾರ ಇದು, ಕಿವಿಯ ಹಿತಕ್ಕಾಗಿ ಬಂದದ್ದಲ್ಲ. ಎರಡು ವೂಫರ್‌ಗಳ ನಡುವೆ 25 ಸೆಂ.ಮೀ. ಅಂತರವಿದೆ ಎನ್ನೋಣ. ನೇರ ಎದುರಿಗೆ ಕೂತವರಿಗೆ ಎರಡರ ದನಿಯೂ ಒಟ್ಟಿಗೆ ತಲುಪುತ್ತದೆ. 20 ಡಿಗ್ರಿ ಪಕ್ಕಕ್ಕೆ ಕೂತವರಿಗೆ ಒಂದರ ದನಿ ಇನ್ನೊಂದಕ್ಕಿಂತ ಸುಮಾರು 8.5 ಸೆಂ.ಮೀ. ಹೆಚ್ಚು ದಾರಿ ಸವೆಸಿ ಬರುತ್ತದೆ. 2000 ಹರ್ಟ್ಸ್ ಅಲೆಯ ಅರ್ಧ ಉದ್ದ ಅಷ್ಟೇ. ಆದ್ದರಿಂದ ಅಲ್ಲಿ ಎರಡು ದನಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂಬತ್ತು ಅಡಿ ದೂರದಲ್ಲಿ 20 ಡಿಗ್ರಿ ಎಂದರೆ ಮೂರೂಕಾಲು ಅಡಿ ಪಕ್ಕಕ್ಕೆ, ಅಂದರೆ ಪಕ್ಕದ ಕುರ್ಚಿ. ಕೊಪ್ಪಳ ಸೀಮೆಯ ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಸಿನಿಮಾ ನೋಡುವುದು ಒಬ್ಬರೇ ಅಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿ, ಈ ಗೋಡೆಯಿಂದ ಆ ಗೋಡೆಯವರೆಗೆ ಮನೆಮಂದಿ ಹರಡಿ ಕೂರುತ್ತಾರೆ. ನಡುವೆ ಕೂತ ಯಜಮಾನರಿಗೆ ಚೆನ್ನಾಗಿ ಕೇಳಿ, ಕಂಬಕ್ಕೊರಗಿ ಕೂತ ಅಜ್ಜಿಗೆ ಕೇಳದ ಪೆಟ್ಟಿಗೆ ಆ ಮನೆಗೆ ತಕ್ಕದ್ದಲ್ಲ.

ಇದಕ್ಕೆ ಮೂರು ದಾರಿಗಳಿವೆ. ನಡುವೆ ಟ್ವೀಟರ್, ಅದರ ನೆತ್ತಿಗೋ ಅಡಿಗೋ ನಡುಪಟ್ಟಿಯನ್ನು ನುಡಿಸುವ ಒಂದು ಚಿಕ್ಕ ಮಿಡ್‌ರೇಂಜ್ ಕೋನ್ ಇರುವ ತ್ರೀ-ವೇ ಪೆಟ್ಟಿಗೆ ಉತ್ತಮ, ಆದರೆ ದುಬಾರಿ. ಟ್ವೀಟರನ್ನು ಕೋನ್‌ನ ಹೊಟ್ಟೆಯೊಳಗೇ ಕೂರಿಸಿದ ಕೋಆಕ್ಸಿಯಲ್ ಮಾದರಿಯೂ ಒಳ್ಳೆಯದು. ಮೂರನೆಯದು ಕಡಿಮೆ ಖರ್ಚಿನದು, ಹೆಚ್ಚಿನವರು ಕಡೆಗಣಿಸುವುದೂ ಅದನ್ನೇ: ಎಡಬಲಕ್ಕೆ ತಂದ ಬುಕ್‌ಶೆಲ್ಫ್ ಸ್ಪೀಕರ್‌ನಂಥದ್ದೇ ಇನ್ನೊಂದನ್ನು ನಡುವೆ ನೆಟ್ಟಗೆ ನಿಲ್ಲಿಸುವುದು. ಜೋಡಿಯಾಗಿ ಮಾತ್ರ ಮಾರುತ್ತಾರೆ ಎಂಬ ತೊಡಕಿದ್ದರೆ ಎರಡು ಜೋಡಿ ಕೊಂಡು ಉಳಿದ ಒಂದನ್ನು ಆಮೇಲೆ ಹಿಂಬದಿಗೆ ಬಳಸಬಹುದು. ಟಿ.ವಿ.ಯನ್ನು ಸ್ವಲ್ಪ ಮೇಲಕ್ಕೆ ಏರಿಸಬೇಕಾಗುತ್ತದೆ, ಅಷ್ಟೇ. ಮೂರೂ ಸ್ಪೀಕರ್ ಒಂದೇ ಆದ್ದರಿಂದ ಪಾತ್ರವೊಂದು ಪರದೆಯ ಎಡದಿಂದ ಬಲಕ್ಕೆ ನಡೆದರೂ ಅದರ ಕೊರಳು ಬದಲಾಗುವುದಿಲ್ಲ. ಉದ್ದದ ಪೆಟ್ಟಿಗೆಯನ್ನೇ ಕೊಳ್ಳುವುದಾದರೆ ವೂಫರ್‌ಗಳು ಚಿಕ್ಕವಾಗಿ, ಒತ್ತೊತ್ತಾಗಿ ಇರುವುದನ್ನು ಹುಡುಕಬೇಕು. ಎಡಬಲದ ಸ್ಪೀಕರ್‌ಗಳ ಕಂಪನಿಯದೇ, ಅದೇ ಶ್ರೇಣಿಯದೇ ಆಗಿರಬೇಕು.

ಸೆಂಟರ್ ಇಲ್ಲದೆಯೂ ನಡೆಯದೇ? ಎಡಬಲ ಎರಡರಿಂದಲೂ ಒಂದೇ ಮಾತು ಬಂದಾಗ ನಡುವೆ ಕೂತವನಿಗೆ ಅದು ಪರದೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ. ಒಬ್ಬರೋ ಇಬ್ಬರೋ ಇರುವ ಮನೆಗೆ ಅದು ಸಾಕು, ಕಳಪೆ ಸೆಂಟರ್‌ಗಿಂತ ಮೇಲು ಕೂಡ. ಬದಿಗೆ ಸರಿದವರಿಗೆ ಮಾತು ಹತ್ತಿರದ ಸ್ಪೀಕರ್‌ನತ್ತ ಓಡಿಹೋಗುತ್ತದೆ.

ಖರೀದಿಯ ಅಂಕಿಅಂಶಗಳಲ್ಲಿ ನೋಡಬೇಕಾದವು ಕೆಲವೇ. ಪಿ.ಎಂ.ಪಿ.ಒ. ಎಂದು ಬರೆದ ಸಾವಿರಾರು ವಾಟ್‌ಗಳನ್ನು ಲೆಕ್ಕಕ್ಕೇ ಹಿಡಿಯಬಾರದು, ಆರ್.ಎಂ.ಎಸ್. ವಾಟ್ ಮಾತ್ರ ನಂಬಬಹುದಾದದ್ದು. ಕೊಟ್ಟ ಶಕ್ತಿಗೆ ಎಷ್ಟು ಸದ್ದು ಹೊಮ್ಮುತ್ತದೆ ಎಂದು ಹೇಳುವ ಸೆನ್ಸಿಟಿವಿಟಿ 88 ಡೆಸಿಬೆಲ್‌ಗಿಂತ ಮೇಲಿದ್ದರೆ ಸಣ್ಣ ರಿಸೀವರ್‌ಗೂ ಭಾರವಾಗದು, ಏಕೆಂದರೆ 3 ಡೆಸಿಬೆಲ್ ಕಡಿಮೆಯಾದರೆ ಅದೇ ಸದ್ದಿಗೆ ಎರಡು ಪಟ್ಟು ಶಕ್ತಿ ಬೇಕು. ಪೆಟ್ಟಿಗೆ ಭಾರವಾಗಿರಬೇಕು. ಕೊಪ್ಪಳದ ಬಳಿಯ ಕಿನ್ನಾಳದ ಕುಶಲಕರ್ಮಿ ಬೊಂಬೆಗೆ ಹಗುರ ಮರವನ್ನು ಆರಿಸುತ್ತಾನೆ. ಸ್ಪೀಕರ್‌ಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಬೆರಳ ಗಣ್ಣಿನಿಂದ ಬಡಿದಾಗ ಡಬ್ಬದಂತೆ ಮೊಳಗುವ ಪೆಟ್ಟಿಗೆ ಪ್ರತಿ ಮಾತಿಗೂ ತನ್ನ ದನಿ ಸೇರಿಸುತ್ತದೆ. ತಂತಿಗೆ ಹಣ ಸುರಿಯುವ ಅಗತ್ಯವಿಲ್ಲ. ಅಪ್ಪಟ ತಾಮ್ರದ 1.5 ಚದರ ಮಿ.ಮೀ. ತಂತಿ ಸಾಕು, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ.

ಇಷ್ಟೆಲ್ಲ ಆದ ಮೇಲೂ ಮಾತು ಮಸುಕಾದರೆ ತಪ್ಪು ಬಹಳ ಸಲ ಕೋಣೆಯದು. ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ತೊಲೆ-ಜಂತಿಗಳ ಸಾಲು ದನಿಯನ್ನು ಚದುರಿಸುತ್ತಿತ್ತು. ಹೊಸ ಆರ್.ಸಿ.ಸಿ. ಮನೆಯಲ್ಲಿ ಚಾವಣಿ ಸಪಾಟು, ನೆಲ ನುಣುಪಾದ ಗ್ರಾನೈಟ್. ದನಿ ಅತ್ತಿಂದಿತ್ತ ಪುಟಿಯುತ್ತದೆ. ಮದ್ದು ಕೊಪ್ಪಳ ಸೀಮೆಯ ಮನೆಗಳಲ್ಲೇ ಇದೆ. ಹಳೆ ಸೀರೆ-ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಎದುರುಗೋಡೆಗೆ ತೂಗುಹಾಕಿ, ಸ್ಪೀಕರ್ ಮುಂದಿನ ನೆಲಕ್ಕೆ ಕಂಬಳಿ ಹಾಸಿದರೆ ವ್ಯಂಜನಗಳು ತಟ್ಟನೆ ತಿಳಿಯಾಗುತ್ತವೆ. ಸಾವಿರಾರು ರೂಪಾಯಿಯ ಫೋಮ್ ಫಲಕಕ್ಕಿಂತ ದಪ್ಪ ಕೌದಿ ಮನೆಗೂ ಚೆಂದ. ಬೇಸಿಗೆಯ ಫ್ಯಾನು, ಕೂಲರ್‌ಗಳ ಭೋರ್ಗರೆತಕ್ಕೆ ಮೊದಲು ಬಲಿಯಾಗುವುದು ಮೆಲುದನಿಯ ಮಾತು. ಕೂಲರನ್ನು ಕಿಟಕಿಯ ಹೊರಗಿಡಬೇಕು.

ಪೆಟ್ಟಿಗೆಯನ್ನು ಗೋಡೆಯ ಮಾಡದೊಳಗೆ ತುರುಕಿದರೆ ದನಿ ಗುಮ್ಮೆನ್ನುತ್ತದೆ. ಅದರ ಮುಖ ಹಲಗೆಯ ಅಂಚಿಗೆ ಬರಬೇಕು. ನೆಲದ ಮೇಲೆ ಕೂತವರ ಕಿವಿ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಚಿಕ್ಕ ಬೆಣೆ ಕೊಟ್ಟು ಮುಖವನ್ನು ಅತ್ತ ತಿರುಗಿಸಬೇಕು. ರಿಸೀವರ್‌ನಲ್ಲಿ ತಳದ ದನಿಯನ್ನು ಸಬ್‌ವೂಫರ್‌ಗೆ ಒಪ್ಪಿಸುವ ಕ್ರಾಸ್‌ಓವರನ್ನು 80ರಿಂದ 100 ಹರ್ಟ್ಸ್‌ಗೆ ಇಟ್ಟು, ಸೆಂಟರ್ ಮಟ್ಟವನ್ನು ಬೇಕಿದ್ದರೆ 2 ಡೆಸಿಬೆಲ್ ಏರಿಸಬಹುದು. ಅದಕ್ಕೂ ಮೀರಿ ಏರಿಸಬೇಕಾಗಿ ಬಂದರೆ ದೋಷ ಬೇರೆಡೆ ಇದೆ ಎಂದರ್ಥ.

ಪರೀಕ್ಷೆಗೆ ಸ್ಫೋಟ, ಕಾರುಗಳ ಬೆನ್ನಟ್ಟುವಿಕೆ ಪ್ರಯೋಜನಕ್ಕಿಲ್ಲ. ಗಂಗಾವತಿ ಪ್ರಾಣೇಶರ ಹಾಸ್ಯ ಭಾಷಣ ಒಳ್ಳೆಯ ಒರೆಗಲ್ಲು: ವೇಗದ ಮಾತು, ಅದು ಮುಗಿಯುವ ಮೊದಲೇ ಮೇಲೆ ಬೀಳುವ ಸಭಿಕರ ನಗು. ನಗುವಿನಡಿಯಲ್ಲೂ ಮಾತಿನ ಕೊನೆ ಕೇಳಿದರೆ ಸ್ಪೀಕರ್ ಗೆದ್ದಂತೆ. ನಾಗಾಭರಣರ ‘ನಾಗಮಂಡಲ’ ಚಿತ್ರದ ಉತ್ತರ ಕರ್ನಾಟಕದ ಮಾತು ಮೆಲುದನಿಯನ್ನು ಪರೀಕ್ಷಿಸುತ್ತದೆ; ಮಂಡ್ಯ ಸೀಮೆಯ ‘ತಿಥಿ’ ಬಯಲಿನ, ಬೀದಿಯ ಸಹಜ ಮಾತನ್ನು. ಒಂದೇ ತುಣುಕನ್ನು ಮೊದಲು ನಡುವೆ, ಆಮೇಲೆ ಕೋಣೆಯ ಎರಡೂ ಕೊನೆಗಳಲ್ಲಿ ಕೂತು, ಪರದೆಗೆ ಬೆನ್ನುಮಾಡಿ ಕೇಳಬೇಕು. ತುಟಿಯ ಚಲನೆ ಕಂಡರೆ ಕಣ್ಣು ಕಿವಿಗೆ ಸಹಾಯ ಮಾಡಿಬಿಡುತ್ತದೆ. ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದರೆ ಕೊನೆಯ ತೀರ್ಪು ಅವರದೇ ಆಗಲಿ.

ಹಣ ಹಂಚುವಾಗ ಈ ಪೆಟ್ಟಿಗೆಯ ಪಾಲು ಮೊದಲು ತೆಗೆದಿಡಬೇಕು. ಅಗ್ಗದ ಆರು ಪೆಟ್ಟಿಗೆಗಳ ಸೆಟ್ಟಿಗಿಂತ ಮುಂದಿನ ಮೂರು ಒಳ್ಳೆಯ ಸ್ಪೀಕರ್‌ಗಳೇ ಮೇಲು. ಹಿಂದಿನ ಎರಡು ಸ್ಪೀಕರ್‌ಗಳನ್ನೂ ಸಬ್‌ವೂಫರನ್ನೂ ಮುಂದಿನ ಸುಗ್ಗಿಗೆ ತಂದರೂ ನಡೆಯುತ್ತದೆ.